ಕುಲುಮೆ ಹೊತ್ತಿಸುವ ಮೊದಲೇ ನೆರೆಯವರ ರಕ್ತ, ಮೂತ್ರ ಅಳೆದಿಡಿ

ಮಾನ್ಯ ಸಂಪಾದಕರೇ,

ಕಸ ಸುಡುವ ಘಟಕದ ಚರ್ಚೆ ಎಲ್ಲಿ ನಡೆದರೂ ಕೊನೆಗೆ ಎರಡು ಕಾಗದಗಳ ಜಗಳಕ್ಕೆ ಬಂದು ನಿಲ್ಲುತ್ತದೆ. ಚಿಮಣಿಯ ಹೊಗೆ ಮಿತಿಯೊಳಗಿದೆ ಎನ್ನುವ ವರದಿ ಒಂದು ಕಡೆ, ಸುತ್ತಲಿನ ಹತ್ತಿಪ್ಪತ್ತು ಜನರ ಕೂದಲಿನಲ್ಲೋ ರಕ್ತದಲ್ಲೋ ಲೋಹ ಸಿಕ್ಕಿದೆ ಎನ್ನುವ ಲ್ಯಾಬ್ ರಿಪೋರ್ಟು ಇನ್ನೊಂದು ಕಡೆ. ಎರಡೂ ನಿಜವೇ ಇರಬಹುದು. ಆದರೆ ಜನ ಕೇಳುತ್ತಿರುವುದು ಬೇರೆ: ಘಟಕ ಬಂದ ಮೇಲೆ ನಮ್ಮ ಮೈಯಲ್ಲಿ ಲೋಹ ಹೆಚ್ಚಾಯಿತೇ? ಇದಕ್ಕೆ ಆ ಎರಡು ಕಾಗದಗಳಲ್ಲಿ ಉತ್ತರವಿಲ್ಲ. ಉತ್ತರ ಬೇಕಾದರೆ ಕುಲುಮೆಗೆ ಬೆಂಕಿ ಹಾಕುವ ಮುಂಚೆಯೇ ಜನರ ರಕ್ತ, ಮೂತ್ರ ಅಳೆದಿಟ್ಟಿರಬೇಕು. ಘಟಕಕ್ಕೆ ಅನುಮತಿ ಕೊಡುವವರು ಈ ಕೆಲಸವನ್ನು ಷರತ್ತಾಗಿ ವಿಧಿಸಬೇಕು ಎಂಬುದೇ ನಮ್ಮ ಒತ್ತಾಯ. ಅದನ್ನು ಹೇಗೆ ಮಾಡಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ.

ಲೋಹ ಉರಿದು ಇಲ್ಲವಾಗುವ ವಸ್ತುವಲ್ಲ. ಕಾಗದ, ಪ್ಲಾಸ್ಟಿಕ್ ಉರಿದರೆ ಬಹುಪಾಲು ಅನಿಲವಾಗಿ ಹೋಗುತ್ತವೆ. ಬ್ಯಾಟರಿಯ ಕ್ಯಾಡ್ಮಿಯಂ, ಬೆಸುಗೆಯ ಸೀಸ, ಟ್ಯೂಬ್‌ಲೈಟಿನ ಪಾದರಸ ಮಾತ್ರ ಜಾಗ ಬದಲಿಸುತ್ತವೆ, ಅಷ್ಟೆ. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕುದಿಬಿಂದು ತೀರ್ಮಾನಿಸುತ್ತದೆ. ಕುಲುಮೆಯ ಅನಿಲ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಸೆಕೆಂಡ್ ಇರಬೇಕೆಂಬುದು ಸಾಮಾನ್ಯ ನಿಯಮ. ಪಾದರಸ 357 ಡಿಗ್ರಿಗೇ ಆವಿಯಾಗುತ್ತದೆ, ಕ್ಯಾಡ್ಮಿಯಂ 767ಕ್ಕೆ. ಸೀಸದ ಕುದಿಬಿಂದು 1749 ಡಿಗ್ರಿ. ಹಾಗಾದರೆ ಅದು ಕೆಳಗೇ ಉಳಿಯುತ್ತದೆ ಎಂದುಕೊಳ್ಳುವಂತಿಲ್ಲ. ಪಿವಿಸಿ ಮತ್ತು ಉಪ್ಪಿನಿಂದ ಬರುವ ಕ್ಲೋರಿನ್ ಜೊತೆ ಸೇರಿ ಸೀಸದ ಕ್ಲೋರೈಡ್ ಆದರೆ 950 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಕಡಿಮೆ ಉಷ್ಣತೆಯಲ್ಲೂ ಸಾಕಷ್ಟು ಆವಿಯಾಗುತ್ತದೆ. ಕ್ರೋಮಿಯಂ, ನಿಕ್ಕಲ್, ತಾಮ್ರ ಹೆಚ್ಚಾಗಿ ತಳಬೂದಿಯಲ್ಲೇ ಉಳಿಯುತ್ತವೆ. ಆವಿಯಾದ ಕ್ಯಾಡ್ಮಿಯಂ, ಸೀಸ ಅನಿಲ ತಣಿದಂತೆ ಅತಿ ಸಣ್ಣ ಕಣಗಳ ಮೇಲೆ ಕೂರುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದೂ, ಫಿಲ್ಟರ್ ಹರಿದರೆ ಮೊದಲು ತಪ್ಪಿಸಿಕೊಳ್ಳುವುದೂ ಇವೇ ಕಣಗಳು.

ಪಾದರಸದ ಕತೆ ಬೇರೆ. ಅದು ಕಣವಾಗಿ ಕೂರದೆ ಆವಿಯಾಗಿಯೇ ಸಾಗುವುದರಿಂದ ಚಿಮಣಿಯಲ್ಲಿ ಇಡೀ ದಿನ ಓಡುವ ಧೂಳಿನ ಮೀಟರಿಗೆ ಕಾಣುವುದೇ ಇಲ್ಲ. ಅದನ್ನು ಹಿಡಿಯುವುದು ಅನಿಲಕ್ಕೆ ಊದುವ ಸಕ್ರಿಯ ಇಂಗಾಲದ ಪುಡಿ. ಪುಡಿ ತಳ್ಳುವ ಸ್ಕ್ರೂ ಸಿಕ್ಕಿಕೊಂಡರೆ, ಚೀಲದಲ್ಲಿ ಪುಡಿ ಗಟ್ಟಿಕಟ್ಟಿದರೆ, ಅಥವಾ ಧೂಳು ಸೋಸುವ ಬಟ್ಟೆಚೀಲಗಳ ಬ್ಯಾಗ್ ಫಿಲ್ಟರಿಗೆ ಬರುವ ಅನಿಲ 150 ಡಿಗ್ರಿಯ ಆಸುಪಾಸಿನಲ್ಲಿರದೆ 200 ದಾಟಿದರೆ ಪಾದರಸ ಹೊರಗೆ ಹೋಗುತ್ತದೆ. ಆಗಲೂ ಧೂಳಿನ ಮೀಟರ್ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿರುತ್ತದೆ. ಘಟಕಕ್ಕೆ ಭೇಟಿ ಕೊಡುವವರು ಪರದೆಯ ಮೇಲಿನ ಧೂಳಿನ ಅಂಕಿ ನೋಡಿ ಬರುವ ಬದಲು ತಿಂಗಳಿಗೆ ಎಷ್ಟು ಕಿಲೊ ಇಂಗಾಲದ ಪುಡಿ ಖರ್ಚಾಯಿತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಇನ್ನು ಮಿತಿಯ ವಿಚಾರ. ಐರೋಪ್ಯ ಒಕ್ಕೂಟದ 2010ರ ನಿರ್ದೇಶನದ ಪ್ರಕಾರ ಒಂದು ಘನ ಮೀಟರ್ ಅನಿಲದಲ್ಲಿ ಪಾದರಸ 0.05 ಮಿಲಿಗ್ರಾಂ, ಕ್ಯಾಡ್ಮಿಯಂ ಮತ್ತು ಥ್ಯಾಲಿಯಂ ಸೇರಿ 0.05, ಆಂಟಿಮನಿ, ಆರ್ಸೆನಿಕ್, ಸೀಸ, ಕ್ರೋಮಿಯಂ, ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್, ನಿಕ್ಕಲ್, ವನೇಡಿಯಂ ಒಂಬತ್ತೂ ಸೇರಿ 0.5 ಮಿಲಿಗ್ರಾಂ ದಾಟಬಾರದು. 2019ರಲ್ಲಿ ಬಂದ ಉತ್ತಮ ತಂತ್ರಜ್ಞಾನದ ಮಾನದಂಡಗಳು ಇದಕ್ಕಿಂತ ಬಿಗಿ. ಕೇಳಲು ಸಣ್ಣ ಅಂಕಿಗಳು, ಆದರೆ ಗುಣಿಸಿ ನೋಡಬೇಕು. ಒಂದು ಟನ್ ಕಸ ಸುಟ್ಟರೆ ಸುಮಾರು 5500 ಘನ ಮೀಟರ್ ಅನಿಲ ಬರುತ್ತದೆ. ದಿನಕ್ಕೆ 600 ಟನ್ ಸುಡುವ ಘಟಕದಲ್ಲಿ ಅದು 33 ಲಕ್ಷ ಘನ ಮೀಟರ್. ಪಾದರಸ ಸರಿಯಾಗಿ ಮಿತಿಯಷ್ಟೇ ಇದ್ದರೂ ದಿನಕ್ಕೆ 165 ಗ್ರಾಂ. ವರ್ಷಕ್ಕೆ 330 ದಿನ ಓಡಿದರೆ 54 ಕಿಲೊ. ಒಂಬತ್ತು ಲೋಹಗಳ ಗುಂಪಿನದು ವರ್ಷಕ್ಕೆ 540 ಕಿಲೊ ಮೀರುತ್ತದೆ. ಚೆನ್ನಾಗಿ ನಡೆಸುವ ಘಟಕಗಳು ಇದರ ಸಣ್ಣ ಪಾಲನ್ನಷ್ಟೇ ಬಿಡುತ್ತವೆ, ಅದನ್ನೂ ಹೇಳಬೇಕು. ಆದರೆ ‘ಮಿತಿಯೊಳಗಿದೆ’ ಎಂಬ ಮಾತಿಗೆ ‘ಏನೂ ಬರುತ್ತಿಲ್ಲ’ ಎಂಬ ಅರ್ಥವಿಲ್ಲ.

ಅಳತೆ ಎಷ್ಟು ಹೊತ್ತಿನದು ಎಂಬುದನ್ನೂ ನೋಡಿ. ಅದೇ ನಿರ್ದೇಶನದಲ್ಲಿ ಲೋಹಗಳ ಅಳತೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಕನಿಷ್ಠ ಎರಡು ಸಲ. ಒಂದೊಂದು ಮಾದರಿ ಅರ್ಧ ಗಂಟೆಯಿಂದ ಎಂಟು ಗಂಟೆಯವರೆಗೆ. ಅಂದರೆ ವರ್ಷದ 8000 ಗಂಟೆಗಳ ಓಟದಲ್ಲಿ ಲೋಹ ಅಳೆಯುವುದು ಹೆಚ್ಚೆಂದರೆ ಹದಿನಾರು ಗಂಟೆ, ಅದೂ ಮೊದಲೇ ದಿನ ಗೊತ್ತುಮಾಡಿಕೊಂಡು, ಕುಲುಮೆ ಹದವಾಗಿ ಉರಿಯುತ್ತಿರುವಾಗ. ಕುಲುಮೆ ಹೊತ್ತಿಸುವಾಗ, ಆರಿಸುವಾಗ, ಫಿಲ್ಟರ್ ಬೈಪಾಸ್ ಮಾಡಿದಾಗ ಹೊರಬಿದ್ದದ್ದು ಈ ಲೆಕ್ಕಕ್ಕೆ ಸಿಗುವುದಿಲ್ಲ. ನೆರೆಯವರ ದೇಹಕ್ಕೆ ಈ ರಿಯಾಯಿತಿ ಗೊತ್ತಿಲ್ಲ. ಅದು ಎಲ್ಲ ಗಂಟೆಗಳನ್ನೂ ಕೂಡಿಸಿಕೊಳ್ಳುತ್ತದೆ. ದೇಹವನ್ನೇ ಅಳೆಯಬೇಕು ಎನ್ನುವುದು ಇದಕ್ಕೇ.

ಬೂದಿಯ ವಿಚಾರಕ್ಕೆ ಬರೋಣ. ಚಿಮಣಿಯ ಗದ್ದಲದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಹೊಗೆ ಶುದ್ಧವಾದಷ್ಟೂ ಹಾರುಬೂದಿ ವಿಷಮಯವಾಗುತ್ತದೆ, ಏಕೆಂದರೆ ಫಿಲ್ಟರ್ ತಡೆದದ್ದೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಕಸದ ತೂಕದ ಶೇ 20ರಿಂದ 25 ತಳಬೂದಿಯಾಗಿ ಉಳಿದರೆ, ಹಾರುಬೂದಿ ಮತ್ತು ಅನಿಲ ಶುದ್ಧಿಯ ಪುಡಿ ಸೇರಿ ಶೇ 2ರಿಂದ 5. ಈ ಸಣ್ಣ ಪಾಲಿನಲ್ಲೇ ಕ್ಯಾಡ್ಮಿಯಂನ ಬಹುಭಾಗ ಇರುತ್ತದೆ. ಆಮ್ಲ ಅನಿಲಗಳನ್ನು ತಡೆಯಲು ಊದಿದ ಸುಣ್ಣವೂ ಇದರಲ್ಲಿ ಬೆರೆತಿರುವುದರಿಂದ ನೀರು ತಾಗಿದಾಗ ಪಿಎಚ್ 12 ದಾಟುತ್ತದೆ. ಸೀಸ ಆಮ್ಲದಲ್ಲಿ ಕರಗುತ್ತದೆ ಎಂಬುದು ಎಲ್ಲರಿಗೂ ಗೊತ್ತು; ಇಷ್ಟು ತೀವ್ರ ಕ್ಷಾರದಲ್ಲೂ ಕರಗುತ್ತದೆ. ಬೂದಿ ಅಪಾಯಕಾರಿಯೇ ಎಂದು ನೋಡಲು ಅನೇಕ ಕಡೆ ಬಳಸುವ ಟಿಸಿಎಲ್‌ಪಿ ಪರೀಕ್ಷೆಯಲ್ಲಿ ಬೂದಿಯನ್ನು ಅಸೆಟಿಕ್ ಆಮ್ಲದಲ್ಲಿ 18 ಗಂಟೆ ಕಲಕುತ್ತಾರೆ. ಬೂದಿಯ ಸುಣ್ಣ ಆ ಆಮ್ಲವನ್ನು ತಿಂದುಹಾಕಿ, ಕೊನೆಗೆ ಪಿಎಚ್ 8ರಿಂದ 10ರ ನಡುವೆ ನಿಂತರೆ ಸೀಸ ಅತ್ಯಂತ ಕಡಿಮೆ ಕರಗುವ ಜಾಗಕ್ಕೆ ಬಂದಂತಾಯಿತು. ಬೂದಿ ಪಾಸ್! ಅದೇ ಬೂದಿಗೆ ಬರೀ ಮಳೆನೀರು ಬಿದ್ದರೆ ಸೀಸ ಹೊರಬರುತ್ತದೆ. ಆದ್ದರಿಂದ ಬರೀ ನೀರಿನಲ್ಲಿ ಮಾಡಿದ ಸೋರಿಕೆ ಪರೀಕ್ಷೆಯ ಫಲಿತಾಂಶವನ್ನೂ ಕೇಳಿ ಪಡೆಯಬೇಕು.

ಬೂದಿ ಜನರನ್ನು ತಲುಪಬಲ್ಲದು ಎಂಬುದಕ್ಕೆ ಬ್ರಿಟನ್ನಿನ ನ್ಯೂಕಾಸಲ್ ಸಾಕ್ಷಿ. ಅಲ್ಲಿನ ಬೈಕರ್ ಘಟಕದ ತಳಬೂದಿ, ಹಾರುಬೂದಿ ಎರಡನ್ನೂ ಬೆರೆಸಿ 1994ರಿಂದ 1999ರವರೆಗೆ ಜನ ತರಕಾರಿ ಬೆಳೆಯುವ ತೋಟಗಳ ಕಾಲುದಾರಿಗಳಿಗೆ ಹರಡಲಾಗಿತ್ತು. ಆಮೇಲೆ ಅಲ್ಲಿ ಡಯಾಕ್ಸಿನ್ ಎಂಬ ವಿಷ ರಾಸಾಯನಿಕ ಮತ್ತು ಭಾರ ಲೋಹಗಳು ಕಂಡವು, ಹರಡಿದ್ದನ್ನು ಮತ್ತೆ ಬಗೆದು ತೆಗೆಯಬೇಕಾಯಿತು. ಹೊಗೆಯನ್ನು ಎಷ್ಟೇ ಕಾದರೂ ಬೂದಿ ಸಾಗಿಸುವ ಲಾರಿಗೆ ಟಾರ್ಪಾಲು ಇಲ್ಲದಿದ್ದರೆ, ಬೂದಿಯನ್ನು ಒಣಗಿದ್ದಾಗಲೇ ತುಂಬಿದರೆ, ಬೇಲಿಯ ಪಕ್ಕದ ಮನೆಗೆ ಚಿಮಣಿಗಿಂತ ಅದೇ ಹೆಚ್ಚು ಲೋಹ ತಂದುಹಾಕಬಹುದು. ಚಿಮಣಿಯ ಹೊಗೆ ನೆಲಕ್ಕಿಳಿಯುವುದು ಸಾಮಾನ್ಯವಾಗಿ ಬೇಲಿಯ ಬುಡದಲ್ಲಲ್ಲ, ಗಾಳಿಯ ದಿಕ್ಕಿನಲ್ಲಿ ಚಿಮಣಿಯ ಎತ್ತರದ ಹಲವು ಪಟ್ಟು ದೂರದಲ್ಲಿ. ಹೀಗಾಗಿ ನಕ್ಷೆಯಲ್ಲಿ ಒಂದು ಕಿಲೊಮೀಟರಿನ ವೃತ್ತ ಎಳೆದು ಅದರೊಳಗಿನವರೇ ಬಾಧಿತರು ಎನ್ನುವ ಅಧ್ಯಯನ ಆರಂಭದಲ್ಲೇ ಎಡವಿರುತ್ತದೆ. ವರ್ಷದ ಗಾಳಿಯ ದಿಕ್ಕು, ವೇಗದ ದಾಖಲೆ ಇಟ್ಟುಕೊಂಡು ಹೊಗೆ ಎಲ್ಲಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಬೂದಿ ಲಾರಿಯ ದಾರಿಯನ್ನು ಪ್ರತ್ಯೇಕ ಗುಂಪಾಗಿ ಗುರುತಿಸಬೇಕು.

ಯಾರಲ್ಲಿ ಏನನ್ನು ಅಳೆಯಬೇಕು? ಎಲ್ಲರ ರಕ್ತ ತೆಗೆದು ಎಲ್ಲ ಲೋಹ ನೋಡಿಬಿಡೋಣ ಎಂಬ ಉತ್ಸಾಹ ಇಲ್ಲಿ ಕೆಲಸಕ್ಕೆ ಬಾರದು. ಸೀಸಕ್ಕೆ ರಕ್ತವೇ ಸರಿ. ರಕ್ತದಲ್ಲಿರುವ ಸೀಸದ ಶೇ 99ರಷ್ಟು ಕೆಂಪು ಕಣಗಳಲ್ಲಿರುತ್ತದೆ. ಅದರ ಅರ್ಧಾಯು, ಅಂದರೆ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು ಒಂದು ತಿಂಗಳು, ಮೂಳೆಯಲ್ಲಾದರೆ ದಶಕಗಳು. ಅಳೆಯಬೇಕಾದವರು ಒಂದರಿಂದ ಐದು ವರ್ಷದ ಮಕ್ಕಳು. ನೆಲದ ಧೂಳು ಕೈಯಿಂದ ಬಾಯಿಗೆ ಹೋಗುವುದು ಅವರಲ್ಲೇ ಹೆಚ್ಚು, ನುಂಗಿದ ಸೀಸದಲ್ಲಿ ದೊಡ್ಡವರು ಹೀರುವುದು ಶೇ 10ರ ಆಸುಪಾಸಾದರೆ ಮಕ್ಕಳು ಶೇ 40ರಿಂದ 50. ಕ್ಯಾಡ್ಮಿಯಂ ತದ್ವಿರುದ್ಧ. ಅದು ಮೂತ್ರಪಿಂಡದಲ್ಲಿ 10ರಿಂದ 30 ವರ್ಷದ ಅರ್ಧಾಯುವಿನೊಂದಿಗೆ ಕೂಡುತ್ತ ಹೋಗುವುದರಿಂದ ಮೂತ್ರದ ಕ್ಯಾಡ್ಮಿಯಂ ಇಡೀ ಬದುಕಿನ ಜಮೆಯನ್ನೂ, ರಕ್ತದ ಕ್ಯಾಡ್ಮಿಯಂ ಇತ್ತೀಚಿನ ತಿಂಗಳುಗಳನ್ನೂ ಹೇಳುತ್ತದೆ. ಘಟಕ ಬಂದ ಎರಡೇ ವರ್ಷಕ್ಕೆ ಮೂತ್ರದ ಕ್ಯಾಡ್ಮಿಯಂ ಏರಿಲ್ಲ ಎಂದು ಸಂಭ್ರಮಿಸುವುದರಲ್ಲಿ ಅರ್ಥವಿಲ್ಲ; ಆ ಅವಧಿಗೆ ರಕ್ತ ನೋಡಬೇಕು. ಒಂದು ಸಿಗರೇಟಿನಲ್ಲಿ 1ರಿಂದ 2 ಮೈಕ್ರೊಗ್ರಾಂ ಕ್ಯಾಡ್ಮಿಯಂ ಇರುವುದರಿಂದ ಧೂಮಪಾನಿಗಳನ್ನು ಬೆರೆಸಿದರೆ ಘಟಕದ ಪಾಲು ಕಾಣದಂತೆ ಮುಚ್ಚಿಹೋಗುತ್ತದೆ. ಧೂಮಪಾನ ಮಾಡದ ನಡುವಯಸ್ಸಿನ ಹೆಂಗಸರು ಇದಕ್ಕೆ ಸೂಕ್ತ. ಕಬ್ಬಿಣದ ಕೊರತೆಯಿದ್ದರೆ ಕರುಳು ಹೆಚ್ಚು ಕ್ಯಾಡ್ಮಿಯಂ ಹೀರುವುದರಿಂದ ಅವರ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಟ್ಟವನ್ನೂ ಜೊತೆಗೇ ನೋಡಬೇಕು.

ಕುಲುಮೆಯಿಂದ ಬರುವ ಪಾದರಸ ಲೋಹರೂಪದ್ದು ಅಥವಾ ಅಜೈವಿಕ ಲವಣ, ಅದಕ್ಕೆ ಮೂತ್ರ. ರಕ್ತ ಮತ್ತು ಕೂದಲಿನಲ್ಲಿ ಸಿಗುವ ಪಾದರಸದ ಹೆಚ್ಚಿನ ಪಾಲು ಮೀನಿನಿಂದ ಬಂದ ಮಿಥೈಲ್ ಪಾದರಸ. ಹಾಗಾಗಿ ಕೂದಲಿನ ವರದಿ ಹಿಡಿದು ಚಿಮಣಿಯನ್ನು ದೂರುವಂತಿಲ್ಲ. ಹಲ್ಲಿಗೆ ಬೆಳ್ಳಿಬಣ್ಣದ ಅಮಾಲ್ಗಂ ತುಂಬಿಸಿಕೊಂಡವರ ಮೂತ್ರದಲ್ಲೂ ಪಾದರಸ ಹೆಚ್ಚಿರುತ್ತದೆ; ತುಂಬಿದ ಹಲ್ಲುಗಳನ್ನು ಎಣಿಸಿ ಬರೆದುಕೊಳ್ಳಬೇಕು. ಆರ್ಸೆನಿಕ್ ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೊರಹೋಗುವುದರಿಂದ ಮಾದರಿ ಕೊಡುವ ಮುಂಚಿನ ನಾಲ್ಕು ದಿನ ಸಮುದ್ರದ ಆಹಾರ ಬಿಡಬೇಕು, ಜೊತೆಗೆ ಒಟ್ಟು ಆರ್ಸೆನಿಕ್ ಬದಲು ಅಜೈವಿಕ ಆರ್ಸೆನಿಕ್ ಮತ್ತು ಅದರ ಎರಡು ಮಿಥೈಲ್ ರೂಪಗಳನ್ನು ಬೇರ್ಪಡಿಸಿ ಅಳೆಯಬೇಕು. ಕುಡಿಯುವ ನೀರಿನ ಆರ್ಸೆನಿಕ್ ನೋಡದೆ ಈ ಅಂಕಿಗೆ ಬೆಲೆಯಿಲ್ಲ. ಆಂಟಿಮನಿ, ತಾಮ್ರ ವಾಹನಗಳ ಬ್ರೇಕ್ ಸವೆತದ ಧೂಳಿನಲ್ಲೂ ಇರುತ್ತವೆ. ಹೆದ್ದಾರಿ ಪಕ್ಕದ ಘಟಕವಾದರೆ ಹೋಲಿಕೆಯ ಗುಂಪೂ ಅಷ್ಟೇ ದಟ್ಟಣೆಯ ಹೆದ್ದಾರಿಯ ಪಕ್ಕದ್ದಾಗಿರಬೇಕು.

ಮಾದರಿ ತೆಗೆಯುವ ಹಂತದಲ್ಲಿ ಕೆಡುವಷ್ಟು ಬೇರೆಲ್ಲೂ ಕೆಡುವುದಿಲ್ಲ. ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ಧೂಳಿನ ಸೀಸ ಸೇರುತ್ತದೆ, ಆದ್ದರಿಂದ ಹೆಚ್ಚು ಕಂಡರೆ ರಕ್ತನಾಳದಿಂದ ತೆಗೆದ ರಕ್ತದಿಂದ ಖಚಿತಪಡಿಸಲೇಬೇಕು. ರಕ್ತನಾಳದಿಂದ ತೆಗೆಯುವಾಗಲೂ ಮೊದಲು ತೋಳನ್ನು ಸೋಪಿನಲ್ಲಿ ತೊಳೆದು, ಆಮೇಲೆ ಆಲ್ಕೋಹಾಲ್. ಲೋಹ ಪರೀಕ್ಷೆಗೆಂದೇ ಪ್ರಮಾಣೀಕರಿಸಿದ ಕಡುನೀಲಿ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬ್ ಬಳಸಿ, ತಕ್ಷಣ ಎಂಟು-ಹತ್ತು ಸಲ ಮೆಲ್ಲಗೆ ಮಗುಚಬೇಕು. ಸೀಸ ಕೆಂಪು ಕಣಗಳಲ್ಲಿರುವುದರಿಂದ ರಕ್ತ ಹೆಪ್ಪುಗಟ್ಟಿದರೆ ಅಂಕಿ ಹಾಳು. ಕ್ರೋಮಿಯಂ, ನಿಕ್ಕಲ್ ನೋಡುವುದಾದರೆ ಸ್ಟೀಲ್ ಸೂಜಿಯೇ ಮಾದರಿಯನ್ನು ಕೆಡಿಸಬಲ್ಲದು. ಮೂತ್ರದ ಡಬ್ಬಿ ಶೇ 10ರ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಅಯಾನು ತೆಗೆದ ನೀರಿನಲ್ಲಿ ತೊಳೆದ ಪಾಲಿಪ್ರೊಪಿಲೀನ್ ಆಗಿರಲಿ. ಬೆಳಗಿನ ಮೊದಲ ಮೂತ್ರ, ಕೈ ತೊಳೆದು, ಮುಚ್ಚಳದ ಒಳಬದಿ ಮುಟ್ಟದೆ. ಗ್ಲೌಸು ಪುಡಿಯಿಲ್ಲದ್ದು. ನೀರು ಹೆಚ್ಚು ಕುಡಿದವರ ಮೂತ್ರ ತೆಳುವಾಗಿರುವುದರಿಂದ ಲೋಹವನ್ನು, ಮೂತ್ರದಲ್ಲಿ ಸದಾ ಇರುವ ಸ್ನಾಯುಗಳ ತ್ಯಾಜ್ಯವಾದ ಕ್ರಿಯಾಟಿನಿನ್ ಆಧಾರದಲ್ಲಿ, ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಇಷ್ಟು ಎಂದು ಲೆಕ್ಕ ಹಾಕಬೇಕು. ಕ್ರಿಯಾಟಿನಿನ್ ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3 ಗ್ರಾಂಗಿಂತ ಹೆಚ್ಚಿದ್ದರೆ ಮತ್ತೊಂದು ಮಾದರಿ ತೆಗೆದುಕೊಳ್ಳಬೇಕು. ಪ್ರತಿ ದಿನ ಒಂದೆರಡು ಡಬ್ಬಿಗಳಿಗೆ ಶುದ್ಧ ನೀರು ತುಂಬಿ, ಮಾದರಿಗಳ ಜೊತೆಯಲ್ಲೇ ಸಾಗಿಸಿ ಅಳೆಯಬೇಕು. ಆ ನೀರಿನಲ್ಲೂ ಸತು, ನಿಕ್ಕಲ್ ಕಂಡರೆ ಅದು ಜನರಿಂದ ಬಂದದ್ದಲ್ಲ.

ಲ್ಯಾಬ್ ಆರಿಸುವಾಗ ಯಂತ್ರದ ಹೆಸರು ಕೇಳಿದರೆ ಸಾಲದು. ಪರಮಾಣುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರ ಇದ್ದರೂ ಮೂತ್ರದ ಕ್ಲೋರೈಡ್ ಯಂತ್ರದೊಳಗಿನ ಆರ್ಗಾನ್ ಅನಿಲದ ಜೊತೆ ಸೇರಿ 75ರ ದ್ರವ್ಯರಾಶಿಯಲ್ಲಿ ಆರ್ಸೆನಿಕ್ ವೇಷ ಹಾಕುತ್ತದೆ. ಇಂಗಾಲ ಆರ್ಗಾನ್ ಜೊತೆ ಸೇರಿ 52ರಲ್ಲಿ ಕ್ರೋಮಿಯಂ ಆಗುತ್ತದೆ. ಇಂಥ ವೇಷಧಾರಿಗಳನ್ನು ಸೋಸಲು ಹೀಲಿಯಂ ಹಾಯಿಸುವ ಕೊಲಿಷನ್ ಸೆಲ್ ಬಳಸಿದರೇ, ಯಾವ ಪ್ರಮಾಣೀಕೃತ ರಕ್ತ-ಮೂತ್ರದ ಮಾದರಿಯನ್ನು ಜೊತೆಗೆ ಓಡಿಸಿದರು, ಹೊರಗಿನ ಗುಣಮಟ್ಟ ಪರೀಕ್ಷೆಯಲ್ಲಿ ಪಾಸಾಗಿದ್ದಾರೆಯೇ ಎಂದು ಕೇಳಬೇಕು. ಎಲ್ಲಕ್ಕಿಂತ ಮೊದಲು, ಗುರುತಿಸಬಲ್ಲ ಕನಿಷ್ಠ ಪ್ರಮಾಣ ಎಷ್ಟು? ಧೂಮಪಾನ ಮಾಡದವರ ಮೂತ್ರದಲ್ಲಿ ಕ್ಯಾಡ್ಮಿಯಂ ಲೀಟರಿಗೆ ಒಂದು ಮೈಕ್ರೊಗ್ರಾಂಗಿಂತ ಕೆಳಗೇ ಇರುವುದು ಸಾಮಾನ್ಯ. ಲ್ಯಾಬಿನ ಮಿತಿಯೇ 2 ಮೈಕ್ರೊಗ್ರಾಂ ಆಗಿದ್ದರೆ ಎಲ್ಲರ ವರದಿಯಲ್ಲೂ ‘ಪತ್ತೆಯಾಗಿಲ್ಲ’ ಎಂದೇ ಬರುತ್ತದೆ, ಮರುದಿನ ಅದು ‘ಕ್ಯಾಡ್ಮಿಯಂ ಇಲ್ಲ’ ಎಂದು ಅಚ್ಚಾಗುತ್ತದೆ.

ಎಷ್ಟು ಜನ ಬೇಕು ಎಂಬುದು ಲೆಕ್ಕದ ಪ್ರಶ್ನೆ. ಲೋಹಗಳ ಅಂಕಿ ಒಂದೇ ಕಡೆ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಗುಣೋತ್ತರ ಸರಾಸರಿ ಬಳಸುತ್ತೇವೆ. ಅಂಕಿಗಳು ಎಷ್ಟು ಹರಡಿವೆ ಎಂದು ಹೇಳುವ ಗುಣೋತ್ತರ ಪ್ರಮಾಣ ವಿಚಲನೆ 1.8 ಎಂದಿಟ್ಟುಕೊಂಡರೆ, ಎರಡು ಗುಂಪುಗಳ ನಡುವೆ ಶೇ 20ರ ವ್ಯತ್ಯಾಸ ಹಿಡಿಯಲು ಗುಂಪಿಗೆ ಸುಮಾರು 165 ಜನ ಬೇಕು. ಮೂವತ್ತು ಮೂವತ್ತು ಜನರನ್ನು ಹೋಲಿಸಿದರೆ ಶೇ 50ಕ್ಕಿಂತ ಕಡಿಮೆಯ ಏರಿಕೆ ಕಣ್ತಪ್ಪಿಹೋಗುತ್ತದೆ. ಅಂಥ ಅಧ್ಯಯನ ‘ವ್ಯತ್ಯಾಸ ಕಂಡಿಲ್ಲ’ ಎಂದರೆ ಘಟಕದವರು ಸಂತೋಷಪಡಬಹುದು, ನೆರೆಯವರಿಗೆ ಅದರಿಂದ ಏನೂ ತಿಳಿಯದು. ಅದೇ ಜನರನ್ನು ಮುಂಚೆ ಮತ್ತು ಆಮೇಲೆ ಅಳೆದರೆ ಕಡಿಮೆ ಜನರಲ್ಲೇ ಹೆಚ್ಚು ತಿಳಿಯುತ್ತದೆ, ಏಕೆಂದರೆ ಪ್ರತಿಯೊಬ್ಬರೂ ತಮಗೆ ತಾವೇ ಹೋಲಿಕೆಯಾಗುತ್ತಾರೆ.

ಹೀಗೆ ಮಾಡಿದವರಿದ್ದಾರೆ. ಇಟಲಿಯ ತುರಿನ್‌ನ ಗೆರ್ಬಿದೊ ಘಟಕ ಪೂರ್ತಿ ಓಡುವ ಮುನ್ನ 2013ರಲ್ಲೇ ಹತ್ತಿರದವರು, ದೂರದವರು ಸೇರಿ 400ರ ಆಸುಪಾಸು ಜನರ ಮಾದರಿ ತೆಗೆದು, ಒಂದು ವರ್ಷದ ನಂತರ ಮತ್ತು ಮೂರು ವರ್ಷದ ನಂತರ ಮತ್ತೆ ಅಳೆದರು. ಒಟ್ಟಾರೆ ಘಟಕದಿಂದಾದ ಏರಿಕೆ ಕಾಣಲಿಲ್ಲ. ಸ್ಪೇನಿನ ಕತಲೋನಿಯದ ಕೊನ್ಸ್ತಾಂತಿಯಲ್ಲಿ ಅಪಾಯಕಾರಿ ತ್ಯಾಜ್ಯ ಸುಡುವ ಘಟಕ 1999ರಲ್ಲಿ ಆರಂಭವಾಗುವ ಮುಂಚೆಯೇ ಶುರುವಾದ ಅಳತೆ ದಶಕಗಳ ಕಾಲ ಮುಂದುವರಿಯಿತು. ಇಂಥ ದಾಖಲೆ ಇದ್ದರೆ ಘಟಕದ ಪರವಾದ ಮಾತಿಗೂ ತೂಕ ಬರುತ್ತದೆ ಎಂಬುದನ್ನು ಉದ್ಯಮದವರು ಗಮನಿಸಲಿ. ಒಂದು ಎಚ್ಚರಿಕೆ ಮಾತ್ರ: ಸೀಸದ ಪೆಟ್ರೋಲು ದೇಶದಿಂದ ದೇಶಕ್ಕೆ ಹಿಂದೆ ಸರಿದು, 2021ರಲ್ಲಿ ಅಲ್ಜೀರಿಯಾದಲ್ಲಿ ಕೊನೆಯದಾಗಿ ನಿಂತಿತು. ಇದರಿಂದ ರಕ್ತದ ಸೀಸ ಎಲ್ಲೆಡೆ ಇಳಿಯುತ್ತಲೇ ಬಂದಿದೆ. ಘಟಕದ ಬಳಿಯೂ ಇಳಿಯಿತು ಎಂದ ಮಾತ್ರಕ್ಕೆ ಘಟಕ ನಿರ್ದೋಷಿಯಲ್ಲ. ದೂರದವರಲ್ಲಿ ಇಳಿದಷ್ಟೇ ಇಲ್ಲಿಯೂ ಇಳಿಯಿತೇ ಎಂದು ನೋಡಬೇಕು.

ಭಯದಲ್ಲಿರುವ ಜನರಿಗೆ ಮಾರುವ ಎರಡು ಪರೀಕ್ಷೆಗಳ ಬಗ್ಗೆ ಖಂಡಿತವಾಗಿ ಹೇಳುತ್ತೇವೆ: ಬೇಡ. ಕೂದಲಿನಲ್ಲಿ ಹತ್ತಾರು ಲೋಹ ನೋಡುವ ಪ್ಯಾಕೇಜು ಮೊದಲನೆಯದು. ಗಾಳಿಯ ಧೂಳು ಕೂದಲಿಗೆ ಹೊರಗಿನಿಂದ ಅಂಟುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ; ಒಳಗಿನಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲು ದಾರಿಯಿಲ್ಲ. ಇನ್ನೊಂದು, ದೇಹದ ಲೋಹವನ್ನು ಹಿಡಿದು ಹೊರಹಾಕುವ ಚೀಲೇಷನ್ ಔಷಧಿ ಕೊಟ್ಟು ಆಮೇಲೆ ಮೂತ್ರ ಅಳೆಯುವುದು. ಈ ಔಷಧಿ ಆರೋಗ್ಯವಂತರ ಮೂತ್ರದಲ್ಲೂ ಲೋಹ ಏರಿಸುತ್ತದೆ, ಹೋಲಿಸಲು ಒಪ್ಪಿತ ಮಟ್ಟವೇ ಇಲ್ಲ. ಅಮೆರಿಕದ ವೈದ್ಯಕೀಯ ವಿಷವಿಜ್ಞಾನಿಗಳ ಕಾಲೇಜು 2010ರಲ್ಲೇ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದಿದೆ. ಮಕ್ಕಳಲ್ಲಿ ಸೀಸಕ್ಕೆ ಈ ಚಿಕಿತ್ಸೆ ಸಾಮಾನ್ಯವಾಗಿ ಡೆಸಿಲೀಟರಿಗೆ 45 ಮೈಕ್ರೊಗ್ರಾಂ ಮುಟ್ಟಿದಾಗಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 5 ಮೈಕ್ರೊಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಪ್ಪಿಸಬೇಕು. ಹಳೆಯ ಬಣ್ಣ, ನೀರಿನ ಕೊಳವೆ, ಪಾತ್ರೆಯ ಮೆರುಗು, ತಂದೆತಾಯಿಯ ಕೆಲಸದ ಬಟ್ಟೆ, ಬೂದಿಯ ಧೂಳು ಎಲ್ಲವನ್ನೂ ನೋಡಬೇಕು. ಮಗುವಿಗೆ ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಸರಿಪಡಿಸಬೇಕು. ನೆಲ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು.

ಪತ್ರಿಕೆಗೂ ಒಂದು ಮನವಿ. ಇಂಥ ಅಂಕಿ ಅಚ್ಚು ಹಾಕುವಾಗ ಡೆಸಿಲೀಟರೋ ಲೀಟರೋ ನೋಡಿ ಹಾಕಿ. 5 ಮೈಕ್ರೊಗ್ರಾಂ ಪ್ರತಿ ಡೆಸಿಲೀಟರ್ ಎಂದರೆ 50 ಮೈಕ್ರೊಗ್ರಾಂ ಪ್ರತಿ ಲೀಟರ್, ಇಲ್ಲಿ ತಪ್ಪಿದರೆ ಹತ್ತು ಪಟ್ಟು ಭಯ ಅಥವಾ ಹತ್ತು ಪಟ್ಟು ನಿರಾಳ.

ಅನುಮತಿ ಪತ್ರದಲ್ಲಿ ಇರಬೇಕಾದದ್ದು ಇಷ್ಟು: ಕುಲುಮೆ ಹೊತ್ತಿಸುವ ಮೊದಲು ಒಂದು ಸುತ್ತು, ಒಂದು ವರ್ಷಕ್ಕೆ ಒಂದು, ಮೂರು ವರ್ಷಕ್ಕೆ ಒಂದು, ಆಮೇಲೆ ಐದು ವರ್ಷಕ್ಕೊಮ್ಮೆ. ಖರ್ಚು ಘಟಕದ್ದು, ಹಣ ಮಾತ್ರ ಮೂರನೆಯವರ ಕೈಯಲ್ಲಿ. ಮಾದರಿ ತೆಗೆಯುವವರೂ ಅಳೆಯುವವರೂ ಘಟಕದಿಂದ ಸ್ವತಂತ್ರರು. ನೈತಿಕ ಸಮಿತಿಯ ಒಪ್ಪಿಗೆ, ಪ್ರತಿಯೊಬ್ಬರ ಲಿಖಿತ ಸಮ್ಮತಿ. ವೈಯಕ್ತಿಕ ಫಲಿತಾಂಶ ಆ ವ್ಯಕ್ತಿಗೇ ಮೊದಲು, ಅದರ ಅರ್ಥ ಹೇಳಬಲ್ಲ ವೈದ್ಯರ ಮೂಲಕ. ಗುಂಪಿನ ಅಂಕಿ ಎಲ್ಲರಿಗೂ. ಘಟಕದ ಕಾರ್ಮಿಕರನ್ನೂ, ವಿಶೇಷವಾಗಿ ಫಿಲ್ಟರ್ ಬಿಚ್ಚುವವರನ್ನೂ ಬೂದಿ ತುಂಬುವವರನ್ನೂ ಪ್ರತ್ಯೇಕ ಗುಂಪಾಗಿ ಸೇರಿಸಬೇಕು, ತೊಂದರೆಯಿದ್ದರೆ ಮೊದಲು ಕಾಣುವುದು ಅವರಲ್ಲೇ. ಪ್ರತಿ ಸುತ್ತಿನ ರಕ್ತ, ಮೂತ್ರದ ಒಂದು ಪಾಲನ್ನು ಮೈನಸ್ 80 ಡಿಗ್ರಿಯಲ್ಲಿ ತೆಗೆದಿಡಬೇಕು. ಮುಂದೆ ಬರುವ ಲ್ಯಾಬು ಬೇರೆಯಾಗಿರಬಹುದು; ಹಳೆಯ ಮತ್ತು ಹೊಸ ಮಾದರಿಗಳನ್ನು ಒಂದೇ ದಿನ ಒಂದೇ ಯಂತ್ರದಲ್ಲಿ ಓಡಿಸಿದರೆ ಮಾತ್ರ ಅಂಕಿಯ ಏರಿಕೆ ದೇಹದ್ದೋ ಯಂತ್ರದ್ದೋ ಎಂದು ಹೇಳಲು ಬರುತ್ತದೆ.

ಇತಿ,
ಪರಿಸರ ಆರೋಗ್ಯ ಮತ್ತು ವಿಷವಿಜ್ಞಾನ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಲವರು